ಮುಖದ ಬಣ್ಣ ಯಾರ ತೀರ್ಮಾನ?

ಫೋಟೊ ಸುಳ್ಳು ಹೇಳುತ್ತದೆಯೇ ಎಂಬ ಪ್ರಶ್ನೆ ಬಂದಾಗ ನಾವು ಅನುಮಾನದಿಂದ ನೋಡುವುದು ಕ್ಯಾಮೆರಾವನ್ನು, ಇಲ್ಲವೇ ಅದನ್ನು ಹಿಡಿದವರನ್ನು. ಪ್ರಿಂಟ್ ಹಾಕುವವರ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ಇದ್ದದ್ದನ್ನು ಕಾಗದಕ್ಕೆ ಇಳಿಸುವುದಷ್ಟೇ ಅವರ ಕೆಲಸ ಎಂದುಕೊಂಡಿರುತ್ತೇವೆ. ಆದರೆ ಡಿಜಿಟಲ್ ಫೈಲಿನಲ್ಲಿ ಇರುವುದು ಬರೀ ಅಂಕಿಗಳು. ಸಾಮಾನ್ಯವಾಗಿ ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು 0ಯಿಂದ 255ರವರೆಗಿನ ಮೂರು ಸಂಖ್ಯೆಗಳು. ಅವು ಒಂದು ಮುಖದ ಮೇಲೆ ಎಂಥ ಕಂದು ಆಗಬೇಕು ಎಂಬುದನ್ನು ಕಾಗದದ ಹತ್ತಿರ ಬಂದಾಗ ಯಾರೋ ತೀರ್ಮಾನಿಸಬೇಕು. ಹಾಗೆ ತೀರ್ಮಾನಿಸುವ ಹಕ್ಕು ಯಾರದು?

ಕಲರ್ ಲ್ಯಾಬಿನ ಯಂತ್ರದಲ್ಲಿ ಕೆಂಪು, ಹಸಿರು, ನೀಲಿ ಲೇಸರ್ ಕಿರಣಗಳು ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಚಿತ್ರವನ್ನು ಬೆಳಕಿನಲ್ಲಿ ಬರೆಯುತ್ತವೆ. ಆಮೇಲೆ ಕಾಗದ ರಾಸಾಯನಿಕದ ತೊಟ್ಟಿಗಳಲ್ಲಿ ಮಿಂದು, ತೊಳೆದು, ಒಣಗಿ ಹೊರಬರುತ್ತದೆ. ಬಣ್ಣ ಹುಟ್ಟುವುದು ಕಾಗದದ ಪದರಗಳ ಒಳಗೆ. ಅದಕ್ಕೇ ಅಲ್ಲಿ ಶಾಯಿಯ ಚುಕ್ಕೆ ಕಾಣುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟರ್ ಲೀಟರಿನ ಲಕ್ಷ ಕೋಟಿಯ ಕೆಲವೇ ಭಾಗದಷ್ಟು ಸಣ್ಣ ಹನಿಗಳನ್ನು ಮೇಲಿನಿಂದ ಸಿಂಪಡಿಸುತ್ತದೆ. ಕೆನ್ನೆಯೆಂದು ನಮಗೆ ಕಾಣುವುದು ಹಳದಿ, ಮಜೆಂಟಾ, ಸಯಾನ್ ಹನಿಗಳ ಸಂತೆ. ಒಳ್ಳೆಯ ಲ್ಯಾಬು ಪರೀಕ್ಷೆಯ ಪಟ್ಟಿ ಪ್ರಿಂಟ್ ಮಾಡಿ, ಅಳೆದು, ಯಂತ್ರವನ್ನು ಹದಕ್ಕೆ ತರುತ್ತಿರುತ್ತದೆ. ಮನೆಯಲ್ಲಿ ಕಾಗದ ಬದಲಾದರೂ ಬಣ್ಣ ಬದಲಾಗುತ್ತದೆ. ನಿಖರತೆಯಲ್ಲಿ ಲ್ಯಾಬೇ ಮೇಲು.

ನಿಖರತೆ ಒಂದು, ನಿಷ್ಠೆ ಇನ್ನೊಂದು. ಲ್ಯಾಬಿನ ಆಪರೇಟರ್ ಮುಂದೆ ಸಯಾನ್, ಮಜೆಂಟಾ, ಹಳದಿ ಮತ್ತು ಡೆನ್ಸಿಟಿಯ ಕೀಲಿಗಳಿರುತ್ತವೆ. ಆತ ಮುಟ್ಟುವ ಮೊದಲೇ ಯಂತ್ರ ತನ್ನ ಲೆಕ್ಕ ಹಾಕಿರುತ್ತದೆ. ಇಡೀ ಚಿತ್ರದ ಬೆಳಕನ್ನು ಕೂಡಿ ಭಾಗಿಸಿದರೆ ನಡುವಣ ಬೂದು ಬರಬೇಕು ಎಂಬ ಊಹೆ ಫಿಲ್ಮಿನ ಕಾಲದ್ದು. ಈ ಊಹೆಯ ಪ್ರಕಾರ ಕಪ್ಪು ಗೋಡೆಯ ಮುಂದೆ ಕೂತ ಕಪ್ಪು ಮನುಷ್ಯ ಬೆಳಕಿನ ಕೊರತೆ. ಯಂತ್ರ ಆತನನ್ನು ಬೆಳಗಿಸುತ್ತದೆ. ಈ ‘ಸರಾಸರಿ’ಗೆ ಒಂದು ಮುಖವೂ ಇತ್ತು. 1950ರ ದಶಕದಿಂದ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ಇದ್ದದ್ದು ಬಿಳಿಯ ಹೆಣ್ಣಿನ ಚಿತ್ರ. ಅವಳ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿ. ಕಂದು ಬಣ್ಣ ಸರಿಯಾಗಿ ಮೂಡುತ್ತಿಲ್ಲವೆಂದು ಕಂಪನಿಗೆ ದೂರು ಕೊಟ್ಟವರಲ್ಲಿ ಚಾಕಲೇಟ್ ಮತ್ತು ಮರದ ಪೀಠೋಪಕರಣ ತಯಾರಕರಿದ್ದರು ಎಂದು ಸಂಶೋಧಕಿ ಲೋರ್ನಾ ರಾತ್ ದಾಖಲಿಸಿದ್ದಾರೆ. ಮನುಷ್ಯರ ಕಂದಿಗಿಂತ ಮೊದಲು ಚಾಕಲೇಟಿನ ಕಂದಿಗೆ ವಕೀಲರು ಸಿಕ್ಕಿದ್ದರು.

ನನ್ನ ಅಜ್ಜಿ ತೀರಿಕೊಂಡಾಗ ಹನ್ನೊಂದನೇ ದಿನದ ತಿಥಿಗೆಂದು ಮೊಬೈಲಿನಲ್ಲಿದ್ದ ಫೋಟೊವನ್ನು ಪೇಟೆಯ ಸ್ಟುಡಿಯೊಗೆ ಕೊಟ್ಟೆವು. ಜೀವಮಾನವೆಲ್ಲ ಗದ್ದೆಯಲ್ಲಿ ದುಡಿದವಳು. ಕಟ್ಟು ಹಾಕಿಸಿಕೊಂಡು ಬಂದ ಮುಖ ಗೋಧಿ ಬಣ್ಣದ್ದು. “ಲಕ್ಷಣವಾಗಿ ಬಂದಿದೆ” ಅಂದರು ಚಿಕ್ಕಮ್ಮ. ಅಜ್ಜಿಯ ಬಣ್ಣವನ್ನೇ ಹೊತ್ತಿರುವ ಅಮ್ಮ ತುಸು ಹೊತ್ತು ನೋಡಿ, “ಇದು ಯಾರೋ” ಅಂದಳು. ಬೆಳ್ಳಗೆ ಮಾಡಿ ಎಂದು ನಾವು ಯಾರೂ ಹೇಳಿರಲಿಲ್ಲ. ಸ್ಟುಡಿಯೊದವರಲ್ಲಿ ಕೇಡೂ ಇರಲಿಲ್ಲ, ಉಪಕಾರವೆಂದೇ ಮಾಡಿದ್ದರು. ಆದರೆ ಸರಿಪಡಿಸುವುದಕ್ಕೆ ಮೊದಲು ತಪ್ಪೊಂದು ಕಾಣಬೇಕಲ್ಲ? ಆ ಉಪಕಾರದೊಳಗೆ ಅಜ್ಜಿಯ ಬಣ್ಣ ತಪ್ಪೆಂಬ ತೀರ್ಪು ಕೂತಿತ್ತು.

ತಿದ್ದದೆ ಪ್ರಿಂಟ್ ಹಾಕಬಹುದಲ್ಲ ಎಂದರೆ, ಹಾಗೊಂದು ಶುದ್ಧ ಸ್ಥಿತಿಯೇ ಇಲ್ಲ. ನೆಗೆಟಿವ್ ಎಂಬುದು ಸಂಗೀತದ ಸ್ವರಲಿಪಿ ಇದ್ದ ಹಾಗೆ, ಪ್ರಿಂಟ್ ಅದರ ಕಛೇರಿ ಎಂಬ ಅರ್ಥದ ಮಾತನ್ನು ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಹೇಳುತ್ತಿದ್ದರು. ಹಾಡುವವರಿಲ್ಲದೆ ಹಾಡಿಲ್ಲ. ಮನೆಯ ಪ್ರಿಂಟರಿನೊಳಗೂ ಫೋಟೊವನ್ನು ತಾನಾಗಿಯೇ ಚಂದಗಾಣಿಸುವ ಆಯ್ಕೆ ಕೂತಿರುತ್ತದೆ. ಆ ಆಯ್ಕೆ ತೆಗೆದು ಅದೇ ಫೋಟೊವನ್ನು ಗೆಳೆಯನ ಇಂಕ್‌ಜೆಟ್‌ನಲ್ಲಿ ಹಾಕಿದಾಗ ಮೊದಲ ಹಾಳೆ ಹಸಿರಾಯಿತು, ಎರಡನೆಯದು ಕೆಂಪಾಯಿತು. ಅಮ್ಮ ಪಕ್ಕದಲ್ಲಿ ಕೂತು “ಇನ್ನೂ ಸ್ವಲ್ಪ ಕಪ್ಪು” ಅನ್ನುತ್ತಿದ್ದಳು. ನಾಲ್ಕನೆಯದಕ್ಕೆ ತಲೆಯಾಡಿಸಿದಳು. ಲ್ಯಾಬಿನದಕ್ಕೆ ಹೋಲಿಸಿದರೆ ಅದು ಒರಟು ಪ್ರಿಂಟು. ಅಮ್ಮನ ನೆನಪೂ ಅಳತೆಗೋಲಲ್ಲ. ಆದರೆ ಆ ಬಣ್ಣ ಯಾಕೆ ಎಂದು ಕೇಳಿದರೆ ಉತ್ತರ ಹೇಳುವವರೊಬ್ಬರು ಅಲ್ಲಿದ್ದರು. ಯಂತ್ರದ ಸರಾಸರಿಗೆ ಆ ಹೊಣೆ ಇಲ್ಲ.

ಬೆಳ್ಳಗೆ ಕಾಣಬೇಕೆಂಬ ಆಸೆ ಗಿರಾಕಿಗಳದ್ದೇ ಅಲ್ಲವೇ ಎಂದು ಸ್ಟುಡಿಯೊದವರು ಕೇಳಬಹುದು. ನಿಜ. ಬದುಕಿದ್ದವರು ಫೋಟೊಗೆ ಮೊದಲು ಪೌಡರ್ ಹಚ್ಚಿಕೊಂಡರೆ ಅದು ಅವರ ಇಷ್ಟ; ತನ್ನ ಮುಖದ ಮೇಲೆ ತನಗಿರುವ ಹಕ್ಕು. ಅದೇ ಪೌಡರನ್ನು ಕೇಳದೆ ಇನ್ನೊಬ್ಬರು ಹಚ್ಚಿದಾಗ ಅರ್ಥ ಬೇರೆಯಾಗುತ್ತದೆ. ಸತ್ತವರಂತೂ ಬೇಡ ಅನ್ನಲಾರರು.

ಹಾಗೆಂದು ಎಲ್ಲರೂ ಮನೆಯಲ್ಲೇ ಪ್ರಿಂಟ್ ಹಾಕಬೇಕಿಲ್ಲ. ಬಣ್ಣ ತಿದ್ದಬೇಡಿ ಎಂದರೆ ಹಾಗೆಯೇ ಹಾಕಿಕೊಡುವ ಲ್ಯಾಬುಗಳಿವೆ. ಗಿರಾಕಿ ಹೇಳಬೇಕು, ಲ್ಯಾಬು ಕೇಳಬೇಕು. ದರ್ಜಿ ಅಳತೆ ತೆಗೆದುಕೊಳ್ಳದೆ ಬಟ್ಟೆ ಕತ್ತರಿಸುವುದಿಲ್ಲ. ಮುಖಕ್ಕೂ ಅಷ್ಟು ಮರ್ಯಾದೆ ಸಲ್ಲಬೇಕು.