ಅಂಜಿದ ಪ್ರಾಣಿಗೆ ಅಭಯ

ದಯೆಯೆಂದರೆ ಸಮೀಪಿಸುವುದು, ಉಣಿಸುವುದು, ಮೈದಡವುವುದು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ದಯೆಗೆ ಪಾತ್ರವಾದ ಪ್ರಾಣಿಯು ನಮ್ಮ ಕೈಯನ್ನು ಕಂಡೇ ನಡುಗಿದರೆ ದಯಾವಂತನ ಕರ್ತವ್ಯವೇನು? ಹಿಮದ ನಾಡುಗಳ ಕೆಲವು ಗೃಹಸ್ಥರಿಗೆ ಇದು ನಿತ್ಯದ ಪ್ರಶ್ನೆಯಾಗಿದೆ.

ಅಲಾಸ್ಕಾ, ಕೆನಡಾ ಮುಂತಾದೆಡೆಗಳಲ್ಲಿ ಸ್ಲೆಡ್ಜ್ ಎಂಬ ಗಾಲಿಯಿಲ್ಲದ ಹಿಮಬಂಡಿಯನ್ನು ನಾಯಿಗಳು ಎಳೆಯುವುದು ಬಹುಕಾಲದ ರೂಢಿ. 1925ರಲ್ಲಿ ಅಲಾಸ್ಕಾದ ನೋಮ್ ಪಟ್ಟಣಕ್ಕೆ ಡಿಫ್ತೀರಿಯಾ ಎಂಬ ಗಂಟಲಬೇನೆ ತಗುಲಿದಾಗ, ಸುಮಾರು 20 ಸಾರಥಿಗಳೂ 150ರಷ್ಟು ನಾಯಿಗಳೂ ಸರದಿಯ ಮೇಲೆ 674 ಮೈಲಿ ಓಡಿ, ಆರು ದಿನ ತುಂಬುವ ಮೊದಲೇ ಮದ್ದನ್ನು ಮುಟ್ಟಿಸಿದರು. ಅಂಥ ನಾಯಿಗಳ ಸಂತತಿಯಲ್ಲಿ ಹತ್ತಾರನ್ನು 2010ರಲ್ಲಿ ಕೆನಡಾದ ವಿಸ್ಲರ್ ಬಳಿ, ವ್ಯಾಪಾರ ಕುಗ್ಗಿತೆಂದು ಕೊಂದು ಹೂಳಿದರು. ಸುದ್ದಿ ಹೊರಬಿದ್ದ ಮೇಲೆ 2012ರಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತವು ಇವುಗಳ ಪಾಲನೆಗೆಂದೇ ನಿಯಮಗಳನ್ನು ವಿಧಿಸಿತು. ಓಟಕ್ಕೆ ಒದಗದ ನಾಯಿಗಳನ್ನು ಕೆಲಕಾಲ ಮನೆಯಲ್ಲಿಟ್ಟು ಪಳಗಿಸಿ, ಯೋಗ್ಯರಿಗೆ ಒಪ್ಪಿಸುವ ಪೋಷಕರೂ ಅಲ್ಲಲ್ಲಿ ಇದ್ದಾರೆ.

ಗೂಟದ ಸರಪಣಿ, ಒಂದು ಗೂಡು, ಸುತ್ತ ತನ್ನಂಥವೇ ನಾಯಿಗಳು, ಇಷ್ಟನ್ನೇ ಕಂಡು ಬೆಳೆದ ನಾಯಿಗೆ ಮೆಟ್ಟಿಲು, ನುಣುಪಾದ ನೆಲ, ಪಾತ್ರೆಯ ಸದ್ದು ಎಲ್ಲವೂ ಭಯಕಾರಣವೇ. ಅದು ಮೂಲೆ ಸೇರಿ ಗೋಡೆಗೆ ಮುಖಮಾಡುತ್ತದೆ. ಆಗ ಬಳಿಸಾರಿ ತಲೆ ಸವರಹೋಗುವುದು ದಯೆಯಂತೆ ತೋರಿದರೂ ಅದರಲ್ಲಿ, ‘ಇದು ನನ್ನನ್ನು ಪ್ರೀತಿಸಲಿ’ ಎಂಬ ನಮ್ಮ ಆಶೆಯ ಪಾಲೇ ಹೆಚ್ಚು. ಬಲ್ಲವರು ಓರೆಯಾಗಿ ನೆಲದ ಮೇಲೆ ಕುಳಿತು, ಅದರತ್ತ ಕಣ್ಣಿಟ್ಟು ನೋಡದೆ, ಒಂದು ತುತ್ತನ್ನು ಎಸೆದು ಸುಮ್ಮನಿರುತ್ತಾರೆ. ಬರುವುದೂ ಬಾರದಿರುವುದೂ ಅದರ ಇಚ್ಛೆ. ಹೊರಗೆ ಕರೆದೊಯ್ಯುವಾಗ ಮಾತ್ರ ಸಡಿಲಿಕೆ ಸಲ್ಲದು. ಕೊರಳಪಟ್ಟಿಯಿಂದ ನುಣುಚಿದರೆ, ಓಡುವುದಕ್ಕೆಂದೇ ಬೆಳೆಸಿದ ಆ ಪ್ರಾಣಿಯನ್ನು ಹಿಡಿಯುವವರಾರು? ಆದುದರಿಂದ ಎದೆಪಟ್ಟಿಗೂ ಒಂದು ಹಗ್ಗವಿರುತ್ತದೆ.

ಇಲ್ಲಿ ನಿಜವಾದ ಉಪಾಧ್ಯಾಯನು ಮನೆಯ ಹಳೆಯ ನಾಯಿ. ಮನುಷ್ಯನನ್ನು ನಂಬದ ಹೊಸಬನು ತನ್ನ ಜಾತಿಯನ್ನು ನಂಬುತ್ತಾನೆ. ಹಳೆಯದು ಯಜಮಾನನ ಕೈತುತ್ತನ್ನು ತಿನ್ನುವುದನ್ನೂ ನಡುಮನೆಯಲ್ಲಿ ಕಾಲುಚಾಚಿ ಮಲಗುವುದನ್ನೂ ದೂರದಿಂದ ನೋಡುತ್ತ ನೋಡುತ್ತ, ವಾರಗಳು ಕಳೆದ ಮೇಲೆ ಒಂದು ಹೆಜ್ಜೆ ಮುಂದಿಡುತ್ತಾನೆ.

ಆದರೆ ಈ ಭಾರವನ್ನು ಹಳೆಯ ನಾಯಿಯ ಮೇಲೆ ಹೊರಿಸಲು ನಮಗೆ ಅಧಿಕಾರವುಂಟೇ? ವ್ರತ ತೊಟ್ಟವರು ನಾವು, ಅದಲ್ಲ. ಕುಗ್ಗುವುದು ಅದರ ಹಾಸಿಗೆ, ಯಜಮಾನನ ಬಳಿಯ ಅದರ ಜಾಗ. ಅದಕ್ಕಾಗಿಯೇ ಮೊದಲ ಭೇಟಿಯನ್ನು ಬಯಲಿನಲ್ಲಿ, ಜೊತೆಜೊತೆಯಾಗಿ ನಡೆಸುತ್ತ ಮಾಡಿಸುತ್ತಾರೆ. ತಟ್ಟೆಗಳನ್ನು ಬೇರೆಬೇರೆ ಕೋಣೆಯಲ್ಲಿಡುತ್ತಾರೆ. ಹಳೆಯದು ಗುರುಗುಟ್ಟಿದರೆ ಗದರಿಸುವುದು ಅನ್ಯಾಯ. ಅದು ತನ್ನ ಎಲ್ಲೆಯನ್ನು ತಿಳಿಸುತ್ತಿದೆ, ಅಷ್ಟೆ. ಅದು ಊಟ ಬಿಟ್ಟು ತನ್ನ ಮನೆಯಲ್ಲಿಯೇ ಅಳುಕಿ ನಡೆಯತೊಡಗಿದರೆ, ಅತಿಥಿಗೆ ಬೇರೆ ಆಶ್ರಯವನ್ನು ಹುಡುಕುವುದೇ ಧರ್ಮವೆಂದು ನನ್ನ ಅಭಿಪ್ರಾಯ. ಮನೆಯವರ ತುತ್ತನ್ನು ಕಿತ್ತು ಬಡಿಸಿದ್ದು ಅನ್ನದಾನವಾಗದು.

ಎಲ್ಲ ಸರಿಹೋದರೂ ಕೆಲವು ನಾಯಿಗಳು ಕೊನೆಯವರೆಗೆ ಮುಟ್ಟಗೊಡುವುದಿಲ್ಲ. ಮುಟ್ಟಗೊಟ್ಟವು ಬೇರೊಬ್ಬರ ಮನೆಗೆ ಹೊರಡುತ್ತವೆ. ವಾಹನ ಬಾಗಿಲಿಗೆ ಬಂದಾಗ ಅದು ಹತ್ತಲೊಲ್ಲದೆ ಹಳೆಯ ಗೆಳೆಯನತ್ತ ತಿರುಗಿ ನೋಡುತ್ತದೆ. ಪೋಷಕನು ಹೆಸರು ಹಿಡಿದು ಕರೆಯದೆ ಹೊಸ್ತಿಲಲ್ಲಿಯೇ ನಿಂತಿರುತ್ತಾನೆ.