ನೋಡಿದವರ ಋಣ

ಒಂದು ದಿನದ ಮಟ್ಟಿಗೆ ಹಳೆಯ ಊರೊಂದನ್ನು ನೋಡಿ ಬರುವುದೆಂದರೆ ನಮ್ಮಂಥ ಪಟ್ಟಣಿಗರಿಗೆ ಬಲು ಅಗ್ಗದ ಸುಖ. ಮುಂಜಾನೆ ಬುತ್ತಿ ಕಟ್ಟಿಕೊಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ. ಹೋದ ಊರಿನ ನೀರಿನ ತಾಪತ್ರಯ, ಅಲ್ಲಿಯವರ ಸಾಲ, ಜಗಳ ಯಾವುದೂ ನಮ್ಮದಲ್ಲ. ಚೆಂದವಾದುದನ್ನಷ್ಟೆ ಕಣ್ಣಿನಿಂದ ಆಯ್ದುಕೊಂಡು ಬರಬಹುದು. ಮರಳುವ ತಿಕೀಟು ಕಿಸೆಯಲ್ಲಿದ್ದವನಿಗೆ ಎಲ್ಲ ಊರುಗಳೂ ಸುಂದರವೇ. ಈ ಸುಖದಲ್ಲಿ ಯಾವ ದೋಷವೂ ಇಲ್ಲವೆಂದು ನಾನು ಬಹಳ ದಿನ ನಂಬಿದ್ದೆ. 2010ರ ಮಳೆಗಾಲದ ಒಂದು ರವಿವಾರ ಆ ನಂಬಿಕೆ ಅಲುಗಿತು.

ನಾವು ನಾಲ್ವರು ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಹೋಗುವ ರೈಲು ಹಿಡಿದು ಅಣ್ಣಿಗೇರಿಗೆ ಹೊರಟಿದ್ದೆವು. ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರರು, ಮಾತಿಗೊಮ್ಮೆ ಸಾಕ್ಷಿ ಕೇಳುವ ವಕೀಲರು, ಬ್ಯಾಂಕಿನಲ್ಲಿ ದುಡಿಯುತ್ತಿದ್ದ ನನ್ನ ಬಾಲ್ಯದ ಗೆಳೆಯ, ಮತ್ತು ನಾನು. ಅಮೃತೇಶ್ವರನ ಗುಡಿ ನೋಡಲು ಹೋಗುತ್ತೇವೆಂದು ಮನೆಯಲ್ಲಿ ಹೇಳಿದ್ದೆವು. ಅದು ಸುಳ್ಳಲ್ಲ. ಆದರೆ ವರ್ಷದ ಐವತ್ತೆರಡು ರವಿವಾರಗಳಲ್ಲಿ ಅದೊಂದನ್ನೇ ಆರಿಸಿಕೊಂಡದ್ದಕ್ಕೆ ಬೇರೆ ಕಾರಣವಿತ್ತು. ಆಗಸ್ಟ್ ತಿಂಗಳಲ್ಲಿ ಅಣ್ಣಿಗೇರಿಯಲ್ಲಿ ಗಟಾರ ಅಗೆಯುವಾಗ ಮನುಷ್ಯರ ತಲೆಬುರುಡೆಗಳು ಸಿಕ್ಕಿದ್ದವು. ಒಂದೆರಡಲ್ಲ, ನೂರಾರು, ಅದೂ ಯಾರೋ ಕೈಯಾರೆ ಸಾಲಾಗಿ ಜೋಡಿಸಿಟ್ಟಂತೆ. ವರ್ತಮಾನಪತ್ರಗಳಲ್ಲಿ ಚಿತ್ರಗಳು ಬಂದಿದ್ದವು. ಬೋಗಿಯಲ್ಲಿ ನಾವು ನಾಲ್ವರೂ ಆ ಮಾತು ಬಿಟ್ಟು ಉಳಿದೆಲ್ಲ ಮಾತಾಡಿದೆವು. ಕಿಟಕಿಯ ಹೊರಗೆ ಎರೆಹೊಲದಲ್ಲಿ ಹೆಸರು ಕೊಯ್ಲಿಗೆ ಬಂದಿತ್ತು.

ಗುಡಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಹನ್ನೊಂದನೆಯ ಶತಮಾನದ ಚಾಲುಕ್ಯರ ಕೆಲಸ. ಎಪ್ಪತ್ತಾರು ಕಂಬ, ಕಪ್ಪು ಬಳಪದ ಕಲ್ಲು. ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲಿಗೆ ಕೈ ಹಾಕಿದ ಶಿಲ್ಪಿಗಳ ಮೊದಲ ಗುಡಿ ಇದೇ ಎಂದು ಹೆನ್ರಿ ಕಸಿನ್ಸ್ ಅಭಿಪ್ರಾಯಪಟ್ಟಿದ್ದ. ಕಲ್ಲು ಮೆತ್ತಗಿದ್ದರೆ ಉಳಿ ಎಷ್ಟು ಸಣ್ಣ ಮಾತನ್ನೂ ಆಡಬಲ್ಲದು ಎಂಬುದನ್ನು ಅಲ್ಲಿಯ ಗೋಡೆಗಳಲ್ಲಿ ನೋಡಬೇಕು. ಮಾಸ್ತರರು ಅಂದು ಹುರುಪಿನಲ್ಲಿದ್ದರು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಪಂಪನ ತಮ್ಮ ಜಿನವಲ್ಲಭ ದೂರದ ತೆಲುಗು ನಾಡಿನ ಕುರ್ಕ್ಯಾಲದ ಬಂಡೆಯ ಮೇಲೆ ಬರೆಸಿದ್ದನ್ನು ಹೇಳಿದರು. ಈ ಊರು ಬೆಳ್ವೊಲ ಮುನ್ನೂರರ ರಾಜಧಾನಿಯಾಗಿದ್ದುದನ್ನೂ, ಕಲ್ಯಾಣದ ಚಾಲುಕ್ಯರ ಕೊನೆಯ ಅರಸ ನಾಲ್ವಡಿ ಸೋಮೇಶ್ವರ ಇಲ್ಲಿಂದಲೇ ಕೆಲಕಾಲ ಆಳಿದ್ದನ್ನೂ ಹೇಳಿದರು.

ಆಮೇಲೆ ಗಾವರವಾಡದ ಶಾಸನದ ಮಾತು ತೆಗೆದರು. ಅದು 1071-72ರ ಸುಮಾರಿನದು. ಚೋಳನು ಬೆಳ್ವೊಲಕ್ಕೆ ನುಗ್ಗಿ ಇಲ್ಲಿಯ ಬಸದಿಗಳನ್ನು ಸುಟ್ಟದ್ದು, ಕಡೆಗೆ ಚಾಲುಕ್ಯ ಸೋಮೇಶ್ವರನಿಗೆ ತನ್ನ ತಲೆಯನ್ನೇ ಒಪ್ಪಿಸಬೇಕಾಗಿ ಬಂದದ್ದು, ಮುಂದೆ ಲಕ್ಷ್ಮರಸನೆಂಬ ಅಧಿಕಾರಿ ಅಣ್ಣಿಗೇರಿಯ ಬಸದಿಯನ್ನು ಮತ್ತೆ ಎತ್ತಿಸಿದ್ದು, ಎಲ್ಲವೂ ಅದರಲ್ಲಿದೆ. ಬೆಂಕಿಗೆ ಲೆಕ್ಕವಿದೆ, ಜೀರ್ಣೋದ್ಧಾರಕ್ಕೆ ಲೆಕ್ಕವಿದೆ, ಅರಸನ ಒಂದು ತಲೆಗೂ ಲೆಕ್ಕವಿದೆ.

"ಇನ್ನ ಆ ಲೆಕ್ಕ ಇಲ್ಲದವನ್ನೂ ನೋಡಿ ಬರೋಣೇನು?" ಎಂದು ಬ್ಯಾಂಕಿನ ಗೆಳೆಯ ಮೆಲ್ಲಗೆ ಕೇಳಿದ. ವಕೀಲರು ಒಂದು ಕಂಬಕ್ಕೆ ಒರಗಿ ಕೂತರು. "ನೀವು ಹೋಗಿ ಬರ್ರಿ. ನಾ ಇಲ್ಲೇ ಕೂತಿರ್ತೀನಿ" ಎಂದರು. ಕಾರಣ ಹೇಳಲಿಲ್ಲ; ನಾವೂ ಕೇಳಲಿಲ್ಲ.

ಅಲ್ಲಿ ಜನ ನೆರೆದಿದ್ದರು. ಅಪ್ಪಂದಿರು ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡಿದ್ದರು. ಕರಿಯ ಮಣ್ಣಿನ ಗೋಡೆಯಲ್ಲಿ ಹೊಕ್ಕು ಕೂತಿದ್ದ ಆ ಬುರುಡೆಗಳು ಕಾಯಿಸಿದ ಹಾಲಿನ ಕೆನೆಯ ಬಣ್ಣಕ್ಕಿದ್ದವು. ಮೈಯ ಎಲುಬು ಕಾಣಲಿಲ್ಲ, ಬರೀ ತಲೆಗಳು. ನಾನು ಮುಂದೆ ನುಗ್ಗಿ ಮೊಬೈಲ್ ತೆಗೆದು ಚಿತ್ರ ಹಿಡಿದೆ. ಆಮೇಲೆ ಎಣಿಸತೊಡಗಿದೆ. ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ, "ಎಷ್ಟಾದುವ್ರೀ?" ಎಂದು ಕೇಳಿದ. "ನಾಲ್ವತ್ಮೂರು" ಎಂದು ಹೇಳಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ, ಏಕೆಂದರೆ ಬಾಯಿ ತುಂಬ ಶೇಂಗಾ ಇತ್ತು. ಸ್ಟೇಶನ್ನಿನಲ್ಲಿ ಕೊಂಡ ಹುರಿದ ಶೇಂಗಾದ ಪೊಟ್ಟಣ ಎಡಗೈಯಲ್ಲಿತ್ತು. ಬಲಗೈ ತನ್ನಷ್ಟಕ್ಕೆ ತಾನೇ ಪೊಟ್ಟಣದಿಂದ ಬಾಯಿಗೆ ಹೋಗಿಬರುತ್ತಿತ್ತು. ನಾನು ಅದನ್ನು ಅರಿತದ್ದು ಆಗ.

ನಡೆದದ್ದು ಇಷ್ಟೇ. ಇದರಲ್ಲಿ ದೊಡ್ಡ ಪಾಪವೇನೂ ಇಲ್ಲ ಎಂದು ಓದುಗರು ಹೇಳಬಹುದು. ಮಾಸ್ತರರೂ ಅದನ್ನೇ ಹೇಳಿದರು.

ಸಂಜೆ ಸ್ಟೇಶನ್ನಿನ ಕಟ್ಟೆಯ ಮೇಲೆ ಗಾಡಿಗೆ ಕಾಯುತ್ತಿದ್ದಾಗ ವಕೀಲರು ಬಾಯಿಬಿಟ್ಟರು. ಅವರ ವಾದ ಸರಳವಾಗಿತ್ತು. ಗುಡಿಯನ್ನು ಕಟ್ಟಿದವನು ನಾಲ್ಕು ಮಂದಿ ನೋಡಲೆಂದೇ ಕಟ್ಟಿದ. ಶಾಸನ ಬರೆಸಿದವನು ಓದಲೆಂದೇ ಬರೆಸಿದ. ಅವುಗಳನ್ನು ನೋಡಿದರೆ ಅವರ ಇಚ್ಛೆಯನ್ನು ನಡೆಸಿದ ಹಾಗಾಯಿತು. ಆದರೆ ನನ್ನ ತಲೆಯನ್ನು ನೋಡಿರೆಂದು ಆ ಗಟಾರದಲ್ಲಿ ಒಬ್ಬನೂ ಹೇಳಿರಲಿಲ್ಲ. ಒಪ್ಪಿಗೆ ಇಲ್ಲದೆ ಜೀವಂತ ಮನುಷ್ಯನ ಮನೆಯೊಳಗೆ ಇಣುಕಿದರೆ ತಪ್ಪು; ಸತ್ತವನ ಮಣ್ಣಿನೊಳಗೆ ಇಣುಕಿದರೆ ಅದು ಹೇಗೆ ಪ್ರವಾಸವಾದೀತು?

ಮಾಸ್ತರರು ಬಿಡಲಿಲ್ಲ. "ಯಾರೂ ನೋಡದಿದ್ರ ಏನಾಗತಿತ್ರೀ ವಕೀಲರ? ಮ್ಯಾಲೆ ಸಿಮೆಂಟ್ ಹಾಕಿ ಮುಚ್ಚತಿದ್ರು. ಸಲಿಕಿ ಹಿಡಿದ ಆಳು ಒಂದು ಕ್ಷಣ ತಡದು ನೋಡಿದ್ದಕ್ಕ ಅವರು ಮತ್ತ ಮನುಷ್ಯರಾದ್ರು. ನೋಡೂದು ತಪ್ಪಲ್ಲ. ನೋಡಲಾರದ್ದು ತಪ್ಪು."

ಮಾಸ್ತರರ ಮಾತಿನಲ್ಲಿ ಬಲವಿದೆ. ಆದರೂ ನನಗೆ ಸಮಾಧಾನವಾಗಲಿಲ್ಲ. ಆಳು ಸಲಿಕೆ ತಡೆದು ನೋಡಿದ್ದು ಬೇರೆ, ನಾನು ನೋಡಿದ್ದು ಬೇರೆ ಎಂದು ನನಗೆ ಗೊತ್ತಿತ್ತು. ಪುರಾತತ್ತ್ವದವರೂ ಎಣಿಸುತ್ತಾರೆ, ತಿಳಿಯಲೆಂದು ಎಣಿಸುತ್ತಾರೆ. ನಾನು ಎಣಿಸಿದ್ದು ಸೋಮವಾರ ಕಚೇರಿಯಲ್ಲಿ ಹೇಳಲೆಂದು. ಹಾಗಾದರೆ ಅಲ್ಲಿ ನಿಂತು ಅಳಬೇಕಾಗಿತ್ತೆ? ಹೆಸರು ಗೊತ್ತಿಲ್ಲದ, ಶತಮಾನ ಗೊತ್ತಿಲ್ಲದವರಿಗಾಗಿ ಗಟಾರದ ದಂಡೆಯಲ್ಲಿ ಕಣ್ಣೀರು ಹಾಕುವವನನ್ನು ಕಂಡರೆ ನಾನು ಇನ್ನೂ ಹೆಚ್ಚು ಸಂಶಯಪಡುತ್ತೇನೆ. ಬರಿಯ ಕುತೂಹಲಕ್ಕೂ ಬರಿಸಿಕೊಂಡ ದುಃಖಕ್ಕೂ ನಡುವೆ ನಿಲ್ಲಲು ಒಂದು ಜಾಗ ಇರಬೇಕಲ್ಲ!

ಆ ಜಾಗ ನನಗೆ ತೋರಿದ್ದು ಬಹಳ ದಿನಗಳ ಮೇಲೆ, ಊಟದ ಎಲೆಯ ಮುಂದೆ.

ಬುರುಡೆಗಳು ಯಾರವೆಂಬ ಚರ್ಚೆ ಆಗ ಪತ್ರಿಕೆಗಳಲ್ಲಿ ನಡೆದೇ ಇತ್ತು. ಕೆಲವರು ಯುದ್ಧದ ಕೊಲೆ ಎಂದರು, ಕೆಲವರು ಬರ ಎಂದರು. ಮೊದಲು ಹೊರಬಿದ್ದ ಇಂಗಾಲದ ಪರೀಕ್ಷೆ ಅವನ್ನು ಆರುನೂರು ವರ್ಷಕ್ಕೂ ಹಿಂದಕ್ಕೆ ಒಯ್ದಿತು. ಆಮೇಲೆ ಡೋಗಿ ಬರದ ಮಾತು ಬಂತು. ಡೋಗಿ ಎಂದರೆ ತಲೆಬುರುಡೆ. 1791-92ರ ಸುಮಾರಿನ ಆ ಕ್ಷಾಮದಲ್ಲಿ ಸುಡುವವರೂ ಹೂಳುವವರೂ ಇಲ್ಲದೆ ಬುರುಡೆಗಳು ಬಯಲಿನಲ್ಲಿ ಬಿದ್ದದ್ದರಿಂದ ಬಂದ ಹೆಸರು. ಯುದ್ಧವೋ ಬರವೋ ಎಂದು ಕೇಳುವುದೂ ಒಂದು ರೀತಿಯಲ್ಲಿ ಪಟ್ಟಣದವರ ಪ್ರಶ್ನೆಯೇ. 1790ರಿಂದ ಮರುವರ್ಷದ ತನಕ ಪರಶುರಾಮ ಭಾವೂನ ದಂಡು ಟೀಪುವಿನ ಕೈಯಲ್ಲಿದ್ದ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿ ಕೂತಿತ್ತು. ದಂಡು ಮೇಯ್ದ ಸೀಮೆಯ ಮೇಲೆ ಮಳೆಯೂ ಮುನಿದರೆ ಯಾವುದರಿಂದ ಸತ್ತೆವೆಂದು ಸಾಯುವವನು ವಿಂಗಡಿಸಿ ಹೇಳಿಯಾನೆ?

ಇದನ್ನು ಓದುತ್ತಿದ್ದಾಗ ನನ್ನ ಅಜ್ಜಿ ನೆನಪಾದಳು. ಅವಳ ತವರು ನವಲಗುಂದದ ಸೀಮೆಯ ಒಂದು ಹಳ್ಳಿ. ಅಣ್ಣಿಗೇರಿಯೂ ಆಗ ಅದೇ ತಾಲೂಕಿನಲ್ಲಿತ್ತು. ನಾವು ಮಕ್ಕಳು ಅವಸರದಿಂದ ತುತ್ತು ನುಂಗಿದರೆ, "ಬರದಾಗಿಂದ ಎದ್ದು ಬಂದವರ ಹಾಂಗ ಉಣಬ್ಯಾಡ್ರೋ" ಎಂದು ಗದರುತ್ತಿದ್ದಳು. ಅವಳೇನೂ ಆ ಬರವನ್ನು ಕಂಡವಳಲ್ಲ. ಅವಳಿಗೆ ಅವಳ ಅಜ್ಜಿಯಿಂದ, ಆ ಅಜ್ಜಿಗೆ ಇನ್ನೊಬ್ಬಳಿಂದ ಬಂದ ಮಾತು. ಇತಿಹಾಸದ ಪುಸ್ತಕದಲ್ಲಿ ಒಂದೆರಡು ಸಾಲು ಪಡೆದ ಕ್ಷಾಮ ನಮ್ಮ ಮನೆಯಲ್ಲಿ ಊಟದ ರೀತಿಯಾಗಿ ಉಳಿದುಬಂದಿತ್ತು ಎಂದು ಮೊದಲು ನನಗೆ ಬೆರಗಾಯಿತು. ಶೇಂಗಾ ತಿಂದ ನನ್ನ ಕೈಗೆ ತಕ್ಕ ಗದರಿಕೆ ಎಂದೂ ಅನಿಸಿತು.

ಆದರೆ ಆ ಮಾತನ್ನು ಮತ್ತೆ ಮತ್ತೆ ಆಡಿಕೊಂಡಂತೆ ಅದರೊಳಗಿನ ಇನ್ನೊಂದು ಸಂಗತಿ ಹೊರಬಂತು. "ಬರದಿಂದ ಎದ್ದು ಬಂದವರ ಹಾಂಗ" ಎನ್ನುವವರು ಯಾರು? ಬರದಿಂದ ಎದ್ದು ಬಂದವರು ಹೀಗೆ ಹೇಳುವುದಿಲ್ಲ. ಅವರು ಬಂದು ಬಾಗಿಲಲ್ಲಿ ನಿಂತದ್ದನ್ನು, ಕೊಟ್ಟದ್ದನ್ನು ನುಂಗಿದ್ದನ್ನು ಕಂಡವರು ಹೇಳುತ್ತಾರೆ. ಅದು ಹೊಸ್ತಿಲಿನ ಒಳಗಿನವರ ಮಾತು.

ಅಜ್ಜಿಯ ತವರಲ್ಲಿ ಹಗೇವುಗಳಿದ್ದವು. ಈಗಿನ ಹುಡುಗರಿಗೆ ಆ ಶಬ್ದವೇ ಗೊತ್ತಿರಲಿಕ್ಕಿಲ್ಲ. ನೆಲವನ್ನು ಆಳವಾಗಿ ತೋಡಿ, ಒಳಗೆ ಜೋಳ ತುಂಬಿ, ಬಾಯಿಗೆ ಮಣ್ಣು ಮುಚ್ಚಿ ವರ್ಷಗಟ್ಟಲೆ ಕಾಯ್ದಿಡುತ್ತಿದ್ದರು. ನಾನು ಸಣ್ಣವನಿದ್ದಾಗ ಒಂದನ್ನು ತೆರೆದದ್ದನ್ನು ಕಂಡಿದ್ದೇನೆ. ಬಾಯಿ ತೆಗೆದು ಒಂದಿಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಒಳಗಿನ ಉಸಿರು ಕೆಟ್ಟಿಲ್ಲವೆಂದು ದೀಪ ಇಳಿಬಿಟ್ಟು ನೋಡಿಯೇ ಆಳು ಇಳಿಯುತ್ತಿದ್ದ. ಮುಗ್ಗಲು ಜೋಳದ ಆ ವಾಸನೆ ಇನ್ನೂ ಮೂಗಿನಲ್ಲಿದೆ. ಅದೇ ಎರೆಮಣ್ಣು. ಒಂದು ಕಡೆ ತೋಡಿದರೆ ಕಾಳು, ಒಂದು ಕಡೆ ತೋಡಿದರೆ ತಲೆ.

ಬರ ಬಂದಾಗ ನಮ್ಮ ಹಿರಿಯರು ಹಗೇವಿನ ಬಾಯಿ ತೆರೆದರೋ, ಇಲ್ಲವೆ ಮೇಲೆ ಇನ್ನೆರಡು ಬುಟ್ಟಿ ಮಣ್ಣು ಹಾಕಿ ಗುರುತು ಅಳಿಸಿದರೋ ನನಗೆ ಯಾರೂ ಹೇಳಿಲ್ಲ. ತೆರೆದಿದ್ದರೆ ಮನೆಯಲ್ಲಿ ಆ ಕಥೆ ಉಳಿಯುತ್ತಿತ್ತು ಎಂದು ನನ್ನ ಗುಮಾನಿ. ದಾನದ ಕಥೆಯನ್ನು ಮರೆಯುವ ಮನೆತನ ಅಪರೂಪ. ಕ್ಷಾಮದಲ್ಲಿ ಕುಲವೇ ಅಳಿದವರಿಗೆ ಮೊಮ್ಮಕ್ಕಳಿಲ್ಲ. ಇಂದು ರೈಲು ಹತ್ತಿ ನೋಡಲು ಬರುವವರಲ್ಲಿ ಹೆಚ್ಚಿನವರು ಉಂಡು ಉಳಿದವರ ಮೊಮ್ಮಕ್ಕಳು. ನಾನು ಆ ಗಟಾರದ ದಂಡೆಯಲ್ಲಿ ಹೊರಗಿನವನಾಗಿ ನಿಂತಿರಲಿಲ್ಲ. ಆ ಲೆಕ್ಕದಲ್ಲಿ ನಾನೂ ಒಬ್ಬ ಪಕ್ಷಗಾರನಾಗಿದ್ದೆ.

ಇದನ್ನು ವಕೀಲರಿಗೆ ಹೇಳಿದಾಗ ಅವರು ಎಂದಿನಂತೆ, "ಅವು ಬರದ ತಲಿ ಅನ್ನೂದಕ್ಕ ಸಾಕ್ಷಿ ಏನು?" ಎಂದರು. ಆ ತಲೆಗಳು ಬರದವೇ ಆಗಬೇಕೆಂದಿಲ್ಲ. ಬರ ಬಂದದ್ದು ನಿಜ, ಹಗೇವು ಇದ್ದದ್ದು ನಿಜ ಎಂದೆ. ಅವರು ಕನ್ನಡಕ ಒರೆಸಿಕೊಂಡರು.

ಈಚೆಗೆ ಈ ಹಳೆಯ ವ್ಯಾಜ್ಯ ಮತ್ತೆ ಎದ್ದದ್ದು ಬ್ಯಾಂಕಿನ ಗೆಳೆಯನಿಂದ. ಯುರೋಪಿನಲ್ಲಿರುವ ಮಗಳ ಮನೆಗೆ ಹೋದವನು ಅವಳ ಪರಿಚಯದವರ ಜೊತೆ ಪ್ರಾಗ್ ನಗರದಿಂದ ಒಂದು ದಿನದ ಮಟ್ಟಿಗೆ ಕುತ್ನಾ ಹೋರಾ ಎಂಬ ಹಳೆಯ ಊರನ್ನು ನೋಡಿ ಬಂದಿದ್ದ. ಬೆಳ್ಳಿಯ ಗಣಿಗಳಿಂದ ಒಂದು ಕಾಲಕ್ಕೆ ಮೆರೆದ ಊರು. ಅದರ ಪಕ್ಕದ ಸೆಡ್ಲೆಟ್ಸ್ ಎಂಬಲ್ಲಿ ಒಂದು ಸಣ್ಣ ಇಗರ್ಜಿಯ ನೆಲಮಾಳಿಗೆಯಲ್ಲಿ ಸುಮಾರು 40,000 ಜನರ ಎಲುಬುಗಳಿವೆ. ಹದಿನಾಲ್ಕನೆಯ ಶತಮಾನದ ಪ್ಲೇಗಿನಲ್ಲಿ, ಆಮೇಲಿನ ಧರ್ಮಯುದ್ಧಗಳಲ್ಲಿ ಸತ್ತವರವು. 1870ರಲ್ಲಿ ರಿಂಟ್ ಎಂಬ ಮರಗೆಲಸದ ಕುಶಲಿ ಅವುಗಳಿಂದ ತೋರಣ ಕಟ್ಟಿದ, ದೀಪದ ಗೊಂಚಲು ಮಾಡಿದ, ಕೊನೆಗೆ ತನ್ನ ಹೆಸರನ್ನೂ ಎಲುಬಿನಲ್ಲೇ ಬರೆದ. ನೋಡಲು ತಿಕೀಟು ಇದೆ. ಬುರುಡೆಗಳಿಗೆ ಟೊಪ್ಪಿಗೆ ಹಾಕಿ ಚಿತ್ರ ತೆಗೆಸಿಕೊಳ್ಳುವವರು ಹೆಚ್ಚಾದ ಮೇಲೆ 2020ರಿಂದ ಅಪ್ಪಣೆಯಿಲ್ಲದೆ ಚಿತ್ರ ತೆಗೆಯುವಂತಿಲ್ಲ.

"ನಿನಗ ಏನನಿಸಿತು?" ಎಂದು ಕೇಳಿದೆ.

ಅವನು ತುಸು ಹೊತ್ತು ಸುಮ್ಮನಿದ್ದ. "ಖರೇ ಹೇಳಲಿ? ಏನೂ ಅನಿಸಲಿಲ್ಲ. ಭಾಳ ಚಂದ ಜೋಡಿಸ್ಯಾರ. ಅಣ್ಣಿಗೇರಿಯೊಳಗ ಆದಂಗ ಆಗಲಿಲ್ಲ."

ಅವನಿಗೂ ಅಣ್ಣಿಗೇರಿಯಲ್ಲಿ ಏನೋ ಆಗಿತ್ತು ಎಂಬುದನ್ನು ನಾನು ಅಂದೇ ಮೊದಲು ಕೇಳಿದ್ದು. ಇಷ್ಟು ವರ್ಷ ಅವನು ಒಂದು ಮಾತೂ ಆಡಿರಲಿಲ್ಲ.

ವಕೀಲರು ಕೇಳುತ್ತ ಕೂತಿದ್ದರು. ನನ್ನ ಹಳೆಯ ಮೊಬೈಲಿನಲ್ಲಿ ಆ ಚಿತ್ರ ಇನ್ನೂ ಇದೆಯೇ ಎಂದು ವಿಚಾರಿಸಿದರು. ಇದೆ ಎಂದೆ. ಅಳಿಸಲು ಮನಸ್ಸು ಬಂದಿರಲಿಲ್ಲ, ಯಾರಿಗೂ ತೋರಿಸಲೂ ಮನಸ್ಸು ಬಂದಿರಲಿಲ್ಲ. ಅವರು ತೋರಿಸೆನ್ನಲಿಲ್ಲ. ಮಳೆ ಹಿಡಿದ ಮೇಲೆ ಒಂದು ರವಿವಾರ ಮತ್ತೆ ಅಣ್ಣಿಗೇರಿಗೆ ಹೋಗಿ ಬರೋಣ, ಈ ಸಲ ಆ ಗಟಾರದ ಜಾಗಕ್ಕೂ ಬರುತ್ತೇನೆ ಎಂದರು. ಮಾಸ್ತರರಿಗೆ ಈಗ ಮೊಣಕಾಲು ನೋವು. ಆದರೂ ಹೂಂ ಎಂದರು. ತಿಕೀಟು ತೆಗೆಸುವುದು ನನ್ನ ಪಾಲಿಗೆ ಬಂತು, ಬುತ್ತಿ ಬ್ಯಾಂಕಿನವನ ಪಾಲಿಗೆ.

"ಉಣ್ಣೂದನ್ನ ಗುಡಿ ಹತ್ತರನ ಮುಗಿಸಿಬಿಡೋಣ" ಎಂದರು ವಕೀಲರು ಏಳುತ್ತ. "ಮತ್ತ ಶೇಂಗಾ ಮಾತ್ರ ತರಬ್ಯಾಡ್ರಿ."