ಅಂಕಿತ ಯಾರದು?

ಬ್ರೂಸ್‌ಪೇಟೆಯ ಓಣಿಯೊಂದರಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿದ್ದಾನೆ. ಹಗಲೆಲ್ಲ ಬ್ಯಾಂಕಿನ ಲೆಕ್ಕ, ರಾತ್ರಿ ಸಂಗೀತ. ಇಷ್ಟು ವರ್ಷ ಪರರ ನಾಟಕಗಳಿಗೆ ರಾಗ ಹೊಂದಿಸಿಕೊಟ್ಟವನು ಈಗ 'ನನ್ನದು' ಎನ್ನಬಹುದಾದ ಎಂಟು ಹಾಡುಗಳ ಆಲ್ಬಂ ಒಂದನ್ನು ಸಿದ್ಧಪಡಿಸುತ್ತಿದ್ದಾನೆ. ಕಳೆದ ತಿಂಗಳು ಮನೆಗೆ ಬಂದು, "ಸಾರ್, ಮೂರನೇ ಹಾಡಿಗೆ ಯಾರ ಹೆಸ್ರು ಹಾಕ್ಲಿ?" ಎಂದು ಕೇಳಿದ.

ಸಂಗತಿ ಇಷ್ಟೆ. ಆ ಹಾಡಿನ ಚರಣ ಏನು ಮಾಡಿದರೂ ಏಳದೆ ಸಪ್ಪಗಿತ್ತು. ಹಾರ್ಮೋನಿಯಂ ನುಡಿಸಲು ಬಂದ ವೃದ್ಧರೊಬ್ಬರು, ಹಿಂದೆ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರರಾಗಿದ್ದವರು, ಶುದ್ಧ ನಿಷಾದವಿದ್ದ ಕಡೆ ಕೋಮಲ ನಿಷಾದವನ್ನು ಒತ್ತಿ ಒಂದು ಕ್ಷಣ ನಿಂತರಂತೆ. ಹಾಡಿಗೆ ಜೀವ ಬಂತು. ಈಗ ಕೇಳಿದವರೆಲ್ಲ ಮೆಚ್ಚುವುದು ಅದನ್ನೇ.

ಮೇಷ್ಟರ ಚಟ ಬಿಡುವುದಿಲ್ಲವಷ್ಟೆ. ನಾನು ಅಂಕಿತದಿಂದ ಆರಂಭಿಸಿದೆ. ಬಸವಣ್ಣನವರದು ಕೂಡಲಸಂಗಮದೇವ, ಕನಕದಾಸರದು ಕಾಗಿನೆಲೆಯಾದಿಕೇಶವ, ಶರೀಫರದು ಶಿಶುನಾಳಧೀಶ. ಹೆಸರಿಡಬೇಕಾದ ಜಾಗದಲ್ಲಿ ಅವರು ತಮ್ಮ ಹೆಸರನ್ನಿಡಲಿಲ್ಲ. 2008ರಲ್ಲಿ ಬಂದ ರಘು ದೀಕ್ಷಿತರ ಮೊದಲ ಆಲ್ಬಮ್ಮಿನ ಶೀರ್ಷಿಕೆಯಲ್ಲಾದರೋ ಅವರ ಹೆಸರೇ ಇದೆ; ಒಳಗೆ ಇರುವ ಹಾಡುಗಳಲ್ಲಿ ಎರಡು, 1889ರಲ್ಲಿ ತೀರಿಕೊಂಡ ಶರೀಫರ ತತ್ತ್ವಪದಗಳು. ಇದನ್ನು ನಾನು ಅಹಂಕಾರವೆನ್ನಲಾರೆ. ಆ ಪದಗಳನ್ನು ಗಿಟಾರಿನ ಲಯಕ್ಕೆ ಕಟ್ಟಿದ್ದು ಸೋತಿದ್ದರೆ ಶರೀಫರನ್ನು ಯಾರೂ ಬೈಯುತ್ತಿರಲಿಲ್ಲ. ತಪ್ಪಿಗೆ ತಲೆಕೊಡುವವನು ಯಾರೋ ಕೃತಿ ಅವನದು ಎಂದೆ.

"ಗೆದ್ರೆ, ಸಾರ್?" ಎಂದ ಶಿಷ್ಯ.

ಉತ್ತರ ಹೊಳೆಯಲಿಲ್ಲ. ಸೋಲಿಗೆ ಒಬ್ಬನೇ ಹೊಣೆಯೆಂಬುದು ಸರಿ. ಗೆಲುವನ್ನು ಮಾತ್ರ ಹಲವರು ಸೇರಿ ಮಾಡಿರುತ್ತಾರೆ. 1978ರ 'ನಿತ್ಯೋತ್ಸವ' ಧ್ವನಿಸುರುಳಿಯನ್ನು ನೆನೆದೆವು. ಕವಿ ನಿಸಾರ್ ಅಹಮದ್, ರಾಗ ಮೈಸೂರು ಅನಂತಸ್ವಾಮಿ, ಇಬ್ಬರಿಗೂ ಬಾಯಿಪಾಠ. ವಾದ್ಯ ನುಡಿಸಿದವರು ಯಾರು? ಇಬ್ಬರೂ ಸುಮ್ಮನಾದೆವು. ಕುವೆಂಪು ಅವರ ನಾಡಗೀತೆಗೆ ಅನಂತಸ್ವಾಮಿಯವರ ಧಾಟಿಯೋ ಅಶ್ವತ್ಥರ ಧಾಟಿಯೋ ಎಂಬ ಜಗಳ 2022ರ ಸರ್ಕಾರಿ ಆದೇಶವನ್ನೂ ದಾಟಿ ಹೈಕೋರ್ಟಿನವರೆಗೆ ಹೋಯಿತು. ಅಲ್ಲಿಯೂ ವಾದ ನಡೆದುದು ರಾಗ ಹಾಕಿದವರ ಸುತ್ತಲೇ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯಿಂದ, ಹಾಡಿದವರಿಗೂ ನುಡಿಸಿದವರಿಗೂ ತಮ್ಮನ್ನು ಹೆಸರಿಸಿರೆಂದು ಕೇಳುವ ಹಕ್ಕು ಬಂದಿದೆ, ನಿಜ. ಆದರೆ ಒಂದೇ ಒಂದು ಸ್ವರವನ್ನು ತಿದ್ದಿದವನನ್ನು ಏನೆಂದು ಕರೆಯುವುದು?

ಕೊನೆಗೆ ಆ ಹಿರಿಯರನ್ನೇ ಕೇಳೋಣವೆಂದು ಹೋದೆವು. ತಾತ ನಕ್ಕುಬಿಟ್ಟರು. "ಅದ್ರಾಗ ನಂದೇನೈತಪ್ಪಾ? ಕಂಪ್ನ್ಯಾಗ ಯಾರೋ ನುಡಿಸ್ತಿದ್ರು, ನನ್ನ ಕೈಯಾಗ ಕುಂತಿತ್ತು. ಹೆಸ್ರು ಪಸ್ರು ಬ್ಯಾಡ" ಎಂದು ಚಹಾ ತರಿಸಿದರು.

ಶಿಷ್ಯನಿಗೆ ಹಗುರವಾಯಿತು. ನನಗೂ ಆಯಿತು, ಅಷ್ಟೇ ನನ್ನ ಕಸಿವಿಸಿಗೆ ಕಾರಣ. ಅವರು ಬೇಡವೆನ್ನಲೆಂದೇ ನಾವು ಕೇಳಲು ಹೋಗಿದ್ದೆವೇನೋ ಎಂಬ ಅನುಮಾನ ಓಣಿಯ ತಿರುವಿನಲ್ಲಿ ಬಂದು ಹಿಡಿಯಿತು. ಅವರದು ವಿನಯ, ಅದರಿಂದ ಲಾಭವಾದದ್ದು ನಮಗೆ. ಅವರು ಬೇಡವೆಂದ ಮಾತ್ರಕ್ಕೆ, ಆ ಸ್ವರವನ್ನು ಒತ್ತಿದ ಬೆರಳು ಶಿಷ್ಯನದಾಗುವುದಿಲ್ಲ.

ಇನ್ನೊಂದು ಮಾತನ್ನು ಶಿಷ್ಯನಿಗೆ ನಾನು ಹೇಳಿಲ್ಲ. ಆ ಹಾಡಿನ ಸಾಹಿತ್ಯ ನನ್ನದು. ಎರಡನೆಯ ಚರಣದ ಒಂದು ಪದ ಉಸಿರಿಗೆ ಒಗ್ಗುವುದಿಲ್ಲವೆಂದು ಹಾಡುವ ಹುಡುಗಿ ಅಭ್ಯಾಸದ ನಡುವೆ ಬೇರೊಂದು ಪದವನ್ನು ಹಾಕಿಕೊಂಡಳು. ಅದು ನನ್ನದಕ್ಕಿಂತ ಚೆನ್ನಾಗಿತ್ತು. ನಾನು ತಲೆಯಾಡಿಸಿ, ಮನೆಗೆ ಬಂದು, ನನ್ನ ಹಸ್ತಪ್ರತಿಯಲ್ಲಿ ಹಳೆಯ ಪದವನ್ನು ಹೊಡೆದು ಅವಳದನ್ನು ಬರೆದುಕೊಂಡೆ.

ಹೊದಿಕೆಯ ಕರಡಚ್ಚು ಮೊನ್ನೆ ಬಂದಿದೆ. 'ಸಾಹಿತ್ಯ' ಎಂಬುದರ ಮುಂದೆ ನನ್ನ ಹೆಸರು ದಪ್ಪಕ್ಷರದಲ್ಲಿದೆ. ಕೆಳಗೆ ಎರಡು ಹೆಸರು ಹಿಡಿಸುವಷ್ಟು ಖಾಲಿ ಜಾಗವೂ ಇದೆ. ಕರಡು ಇನ್ನೂ ನನ್ನ ಮೇಜಿನ ಮೇಲೆಯೇ ಇದೆ.